ಇಪ್ಪತ್ತು ಗೆರೆಯ ಸಾಕ್ಷಿ

ಸೂರ್ಯ ಗುಡ್ಡದ ಮೇಲೆ ಹಣೆಯನ್ನಷ್ಟೇ ತೋರಿಸಿದ್ದಾನೆ. ಅಂಕೋಲೆಯ ಕೇಣಿಯಲ್ಲಿ, ದೇವಿ ಎಂಬಾಕೆಯ ಮನೆಯ ಹಿತ್ತಿಲಲ್ಲಿ, ಬಚ್ಚಲ ನೀರು ಹರಿದು ಹೋಗುವ ಜಾಗದಲ್ಲಿ ಎರಡು ತೆಂಗಿನ ಮರಗಳಿವೆ. ಅವುಗಳಲ್ಲಿ ಗಿಡ್ಡದನ್ನು ತಬ್ಬಿಕೊಂಡು ಒಬ್ಬ ಮುದುಕಿ ನಿಂತಿದ್ದಾಳೆ. ಕೊರಳಲ್ಲಿ ಕಡಿಮೆಯೆಂದರೂ ಹನ್ನೆರಡು ಕಿಲೋ ಮಣಿಸರ, ಬಾಯಲ್ಲಿ ಅರ್ಧ ಅಂಕೋಲೆಗೆ ಸಾಲುವಷ್ಟು ಎಲೆ-ಅಡಿಕೆ, ಅದರ ನಡುವಿನಿಂದಲೇ ಹೊರಬರುತ್ತಿರುವ ಲೆಕ್ಕ.

"ಮೂವತ್ತಾರು, ಮೂವತ್ತೇಳು, ಮೂವತ್ತೆಂಟು..."

ಮಡಲು, ಅಂದರೆ ಗರಿ, ಉದುರಿದ ಮೇಲೆ ತೆಂಗಿನ ಕಾಂಡದಲ್ಲಿ ಬಳೆಯಂಥ ಗೆರೆ ಉಳಿಯುತ್ತದಲ್ಲ, ಅದನ್ನು ಬೆರಳಿನಿಂದ ಸವರಿ ಎಣಿಸುತ್ತಿದ್ದಾಳೆ. ಮಧ್ಯಾಹ್ನದ ಬಿಸಿಲಿನಲ್ಲಿ ಈ ಗೆರೆಗಳು ಕಣ್ಣಿಗೆ ಸಿಗುವುದಿಲ್ಲ. ಬೆಳಗಿನ ಓರೆ ಬಿಸಿಲು ಬಿದ್ದಾಗ ಮಾತ್ರ ಒಂದೊಂದೂ ತನ್ನ ನೆರಳನ್ನು ಕೆಳಗಿಟ್ಟುಕೊಂಡು ಎದ್ದು ನಿಲ್ಲುತ್ತದೆ. ಹಾಗಾಗಿ ಈ ಕೆಲಸಕ್ಕೆ ದಿನದಲ್ಲಿ ಅರ್ಧ ತಾಸು ಮಾತ್ರ ಮುಹೂರ್ತ. ಎಣಿಸುವಾಗ ಯಾರೂ ಮಾತಾಡಬಾರದು. ನಾಯಿಗಳಿಗೂ ಇದು ಗೊತ್ತು. ಗೊತ್ತಿಲ್ಲದ್ದು ನನಗೊಬ್ಬನಿಗೇ.

"ಅಜ್ಜೀ, ನಿಮ್ಮ ಚಾ ಆರಿ ಹೋಗ್ತಾ ಇದೆ," ಅಂದುಬಿಡುತ್ತೇನೆ.

ಮುದುಕಿ ತಿರುಗಿ ನೋಡಿದ ನೋಟಕ್ಕೆ ಕೇಣಿಯ ಕಡಲು ನಾಲ್ಕು ಮಾರು ಹಿಂದೆ ಸರಿಯುತ್ತದೆ. "ಹಾಳಾಗಿ ಹೋಗ್ಲಿ ನಿನ್ನ ಚಾ! ಲೆಕ್ಕ ತಪ್ಪೋಯ್ತು. ಮತ್ತೆ ಬುಡದಿಂದ ಬರ್ಬೇಕು. ಪೇಪರಿನವ ಅಂತೆ, ಬಾಯಿ ಮುಚ್ಚೂಕೆ ಯಾರೂ ಕಲ್ಸಲಿಲ್ವಾ ನಿಂಗೆ?"

ಕೈಗೆಟುಕುವಷ್ಟು ಎತ್ತರಕ್ಕೆ ಆಕೆ ಎಣಿಸುತ್ತಾಳೆ. ಅಲ್ಲಿಂದ ಮೇಲಿನದು ಮರದ ಮೇಲಿರುವ ಬೀರಾನ ಪಾಲು. ಬೀರಾ ಈ ಮನೆಯ ಒಬ್ಬನೇ ಮಗ. ಹದಿನೆಂಟು ದಾಟಿ ಒಂಬತ್ತು ತಿಂಗಳಾಗಿದೆ. ಅವನ ವಯಸ್ಸನ್ನು ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ. ಈ ಮರ ಅವನದೇ, ಈ ಲೆಕ್ಕವೂ ಅವನದೇ.

"ನೂರ ಎಪ್ಪತ್ತೇಳು!" ಮೇಲಿನಿಂದ ಕೂಗುತ್ತಾನೆ.

"ಸಮಾ ಅದೆ," ಎನ್ನುತ್ತಾಳೆ ಮುದುಕಿ. "ತಿಂಗಳಿಗೊಂದು ಮಡಲು. ಮೊದಲಿನ ನಾಕ್ ವರ್ಷ ಮರ ನೆಲದಾಗೇ ಕೂತಿರ್ತದೆ, ಗೆರೆ ಕೊಡೂದಿಲ್ಲ. ಮಕ್ಕಳಿಗೆ ಮಾತು ಬರೂಕೂ ಹೊತ್ತು ಬೇಕಲಾ, ಹಂಗೆ. ಆ ನಾಕ್ ವರ್ಷ ಸೇರ್ಸು. ಈಗ ಹೇಳು, ಎಷ್ಟಾಯ್ತು?"

ಹದಿನೆಂಟು ವರ್ಷ ಒಂಬತ್ತು ತಿಂಗಳು. ನಾನು ಕಾಗದದ ಮೇಲೆ ಗುಣಿಸಿ, ಭಾಗಿಸಿ, ಬೆವರಿ ತೆಗೆದ ಉತ್ತರವನ್ನು ಆಕೆ ಅಷ್ಟರಲ್ಲಿ ಉಗುಳಿ, ಬಾಯಿ ಮುಕ್ಕಳಿಸಿ, ಆರಿದ ಚಾ ಕುಡಿದು ಮುಗಿಸಿದ್ದಾಳೆ.

ಇವಳು ದುರ್ಗಜ್ಜಿ. ಈ ಜಿಲ್ಲೆಯಲ್ಲಿ ನಾನು ಹುಡುಕಿ ತೆಗೆಯದ ಎಲೆಮರೆಯ ಕಾಯಿ ಉಳಿದಿಲ್ಲ. ನಾನು ಬರೆದ ರಭಸಕ್ಕೆ ಎಷ್ಟೋ ಕಡೆ ಎಲೆಗಳೇ ಉದುರಿ ಹೋಗಿವೆ. ಆದರೂ ಇಂಥ ಕಾಯಿಯನ್ನು ನಾನು ಕಂಡಿರಲಿಲ್ಲ. ಕಾರವಾರದ ಬಾಲನ್ಯಾಯ ಮಂಡಳಿಗೆ ಬರುವ ಮಕ್ಕಳ ವಯಸ್ಸಿನ ತಂಟೆ ಬಂದಾಗ ವಕೀಲರು ಮೊದಲು ಪುಸ್ತಕ ನೋಡುತ್ತಾರೆ, ಆಮೇಲೆ ದುರ್ಗಜ್ಜಿಗೆ ಹೇಳಿ ಕಳಿಸುತ್ತಾರೆ. ಪುಸ್ತಕವನ್ನು ಆಮೇಲೆ ನೋಡಿದರೂ ನಡೆಯುತ್ತಿತ್ತು.

ಹದಿನೆಂಟು ತುಂಬದವರನ್ನು ದೊಡ್ಡವರ ಜೇಲಿಗೆ ಹಾಕುವಂತಿಲ್ಲ, ಅವರ ವಿಚಾರಣೆ ಬೇರೆ, ಅವರು ಇರಬೇಕಾದ ಮನೆ ಬೇರೆ ಎಂಬ ಕಾಯಿದೆ ನಮ್ಮಲ್ಲಿದೆ. ಒಳ್ಳೆಯ ಕಾಯಿದೆ. ಆದರೆ ಹದಿನೆಂಟು ತುಂಬಿಲ್ಲವೆಂದು ಹೇಳುವವರು ಯಾರು? ಆಸ್ಪತ್ರೆಯಲ್ಲಿ ಹುಟ್ಟಿದವರಿಗೆ ಕಾಗದವಿದೆ. ಮನೆಯ ಕತ್ತಲೆ ಕೋಣೆಯಲ್ಲಿ ಹುಟ್ಟಿದವರಿಗೆ ಇರುವುದು ಸೂಲಗಿತ್ತಿಯ ನೆನಪು. ದುರ್ಗಜ್ಜಿ ಅಂಥ ಸೂಲಗಿತ್ತಿ.

"ಅಂಕೋಲೆ ತಾಲೂಕಿನ ಅರ್ಧ ಜನ ನಿಮ್ಮ ಕೈಮೇಲೇ ಹುಟ್ಟಿದ್ದಂತಲ್ಲ ಅಜ್ಜಿ? ಐದು ಸಾವಿರ ಹೆರಿಗೆ ಅಂತ ಬರಕೊಳ್ಳಲೇ?" ಕೇಳುತ್ತೇನೆ.

"ಅಷ್ಟಿಲ್ಲ ತಮಾ. ಆರ್ನೂರ ನಲ್ವತ್ತೊಂದು ಮಕ್ಕಳು. ಅದ್ರಲ್ಲಿ ಅವಳಿ ಹನ್ನೊಂದು ಜೋಡಿ. ಉಳೀದೇ ಹೋದವು ಇಪ್ಪತ್ತಾರು. ಅವೂ ಲೆಕ್ಕದಾಗೆ ಅವೆ, ಬಿಡೂಕೆ ಬರೂದಿಲ್ಲ."

ನಾನು ಸುಳ್ಳು ಹೇಳುವವನಲ್ಲ. ಇದ್ದದ್ದಕ್ಕೆ ಸ್ವಲ್ಪ ಗೊಬ್ಬರ ಹಾಕಿ ಬೆಳೆಸುವವನು. ಆದರೆ ಈ ಮುದುಕಿಯ ಮುಂದೆ ಗೊಬ್ಬರ ನಡೆಯುವುದಿಲ್ಲ.

ಕೆಲಸ ಕಲಿಸಿದವಳು ಅವಳ ಹೆತ್ತ ಅವ್ವಿ. ಗಂಡ ಹೊನ್ನ ಮದುವೆಯಾದ ಆರನೇ ವರ್ಷಕ್ಕೇ ಜ್ವರದಲ್ಲಿ ಹೋದ. ಮಕ್ಕಳಿಲ್ಲ. ಹಗಲು ಸೊಪ್ಪು ಬೆಳೆದು ಪೇಟೆಯಲ್ಲಿ ಮಾರುವುದು, ಕರೆ ಬಂದರೆ ಹೊತ್ತು ನೋಡದೆ ಹೊರಡುವುದು. ಮಳೆಗಾಲದಲ್ಲಿ ಎದೆಮಟ್ಟದ ಹಳ್ಳವನ್ನು ಹೆರಿಗೆಯ ಗಂಟು ತಲೆಮೇಲಿಟ್ಟುಕೊಂಡು ದಾಟಿದ್ದಾಳೆ. ಹಳ್ಳವೇ ಹೆದರಿ ದಾರಿ ಬಿಟ್ಟಿತೆಂದು ನಾನು ಬರೆಯಬಹುದು, ಆದರೆ ಆಕೆ ಓದಿಸಿ ಕೇಳುತ್ತಾಳೆ. ಮೊದಲಿಗೆ ಕುಡುಗೋಲಿನಲ್ಲೇ ಹೊಕ್ಕುಳಬಳ್ಳಿ ಕೊಯ್ಯುತ್ತಿದ್ದವಳಿಗೆ ಸರ್ಕಾರಿ ಆಸ್ಪತ್ರೆಯವರು ಹದಿನೈದು ದಿನ ತರಬೇತಿ ಕೊಟ್ಟರು. ಅಲ್ಲಿಂದ ಮುಂದೆ ಪ್ರತಿ ಹೆರಿಗೆಗೂ ಒಂದು ಪೊಟ್ಟಣ. ಅದರಲ್ಲಿ ಸಾಬೂನು, ಬ್ಲೇಡು, ನೂಲು. ಈ ಪೊಟ್ಟಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಕಥೆಯಲ್ಲಿ ಇದೇ ಗೆಲ್ಲುತ್ತದೆ.

ಇದರ ಜೊತೆಗೆ ಅವ್ವಿಯಿಂದ ಬಂದ ಒಂದು ಪದ್ಧತಿ. ಮಗು ಹುಟ್ಟಿದ ದಿನವೇ ಮನೆಯವರು ಬಚ್ಚಲ ಹಿಂದೆ ಒಂದು ತೆಂಗಿನ ಸಸಿ ನೆಡಬೇಕು. ಬಾಣಂತಿಗೆ ನಲವತ್ತು ದಿನ ಹಂಡೆಗಟ್ಟಲೆ ನೀರು ಹೊಯ್ಯುತ್ತಾರಲ್ಲ, ಆ ನೀರು ಸಸಿಗೆ. ನೆಡದಿದ್ದರೆ? "ನಾಳೆಯಿಂದ ಮಗು ಮೀಯ್ಸೂಕೆ ನಾ ಬರೂದಿಲ್ಲ ಅಂತಿದ್ದೆ. ಒಂದು ದಿನ ಕಾದು ನೋಡ್ತಿದ್ರು. ಮಗು ಕಿರುಚೂಕೆ ಹತ್ತಿದ ಕೂಡ್ಲೇ ಗಂಡ ಗುದ್ದಲಿ ಹಿಡ್ಕೊಂಡು ಓಡ್ತಿದ್ದ."

ಕಳೆದ ಎಂಟು ವರ್ಷಗಳಿಂದ ಹೆರಿಗೆಗೆ ಕರೆ ಇಲ್ಲ. ಎಲ್ಲರೂ ಆಸ್ಪತ್ರೆಗೆ ಹೋಗುತ್ತಾರೆ. ಬೇಜಾರಿಲ್ಲವೇ ಎಂದರೆ ನಗುತ್ತಾಳೆ. "ಬೇಜಾರು ಯಂತದು? ಅಲ್ಲಿ ಡಾಕ್ಟ್ರು ಅವ್ರೆ, ರಕ್ತ ಅದೆ. ನನ್ನ ಹತ್ರ ಯಂತ ಇತ್ತು? ಬಾಯಿ ಒಂದಿತ್ತು." ಹಾಗೆ ಬರೀ ಸೊಪ್ಪು ಮಾರಿಕೊಂಡಿದ್ದ ಮುದುಕಿಗೆ ಹೊಸ ಕೆಲಸ ಹಚ್ಚಿದವನು, ಈಗ ಮರದ ತುದಿಯಿಂದ ಬಲಿತ ಕಾಯಿಗಳನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತಿರುವ ಈ ಬೀರಾ.

ಕಳೆದ ವರ್ಷ ಜನವರಿಯ ಮಾತು. ಬೀರಾ ಆಗ ಪಿಯುಸಿ ಎರಡನೇ ವರ್ಷದಲ್ಲಿದ್ದ. ಪರಿಚಯದ ಇಬ್ಬರು ದೊಡ್ಡ ಹುಡುಗರು, ದೋಣಿಯ ಯಂತ್ರ ರಿಪೇರಿಗೆ ಒಯ್ಯಬೇಕು, ಒಂದು ಕೈ ಹಿಡಿ ಅಂದರು. ಹಿಡಿದ. ಹಾಡುಹಗಲು, ಸೀಟಿ ಹೊಡೆಯುತ್ತಾ ಹೊತ್ತ. ಯಂತ್ರ ಬೇರೆಯವರದ್ದು ಎಂದು ಗೊತ್ತಾಗುವಷ್ಟರಲ್ಲಿ ಮೂವರೂ ಠಾಣೆಯಲ್ಲಿದ್ದರು. ಶಾಲೆಯ ದಾಖಲೆಯಲ್ಲಿ ಇವನ ಜನ್ಮದಿನ 1988ರ ನವೆಂಬರ್ ಹತ್ತು. ಅಂದರೆ ಹತ್ತೊಂಬತ್ತು ತುಂಬಿದ ಗಂಡಸು. ದೊಡ್ಡವರ ಜೊತೆ ಇವನೂ ಕಾರವಾರದ ಜೇಲಿಗೆ ಹೋದ. ಪರೀಕ್ಷೆಗೆ ಉಳಿದದ್ದು ಐವತ್ತೈದು ದಿನ.

ತಾಯಿ ದೇವಿ ಅಂಕೋಲೆ ಪೇಟೆಗೆ ಬಂದು ದುರ್ಗಜ್ಜಿಯ ಸೊಪ್ಪಿನ ಬುಟ್ಟಿಯ ಮುಂದೆ ಕುಸಿದು ಕೂತಳು.

"ದುರ್ಗಕ್ಕಾ, ನನ್ನ ಬೀರಾನ ಜೇಲಿಗೆ ಹಾಕ್ದ್ರು. ಹತ್ತೊಂಬತ್ತು ಆಗೀದೆ, ದೊಡ್ಡವ ಅಂದ್ರು."

"ಹತ್ತೊಂಬತ್ತಾ? ಯಾರಿಗೆ? ಇಂವ ಹುಟ್ಟೂ ಹೊತ್ತಿಗೆ ನಿನ್ನ ಗಂಡ ಬೊಮ್ಮ ಕೈಗಾದಾಗೆ ಕಲ್ಲು ಹೊರ್ತಿದ್ದ. ಸುದ್ದಿ ಹೇಳೂಕೆ ಹೋದವ ಹಳ್ಳದ ನೀರಿಗೆ ಹೆದ್ರಿ ಅರ್ಧ ದಾರಿಯಿಂದ ತಿರುಗಿ ಬಂದಿದ್ದ. ಹದ್ನೇಳೂವರೆ ಅಷ್ಟೇ ಇವಂಗೆ." ಇಷ್ಟು ಹೇಳಿದ ಮುದುಕಿ ಸೊಪ್ಪಿನ ಕಟ್ಟನ್ನು ಹಾಗೇ ಕೈಯಲ್ಲಿ ಹಿಡಿದು ನಿಂತುಬಿಟ್ಟಳು. "ದೇವೀ, ಶಾಲೆಗೆ ಸೇರ್ಸೂವಾಗ ಯಾವ ಚೀಟಿ ಕೊಟ್ಟಿದ್ರಿ?"

ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇ ಜನನದ ಚೀಟಿ. ಬೊಮ್ಮನ ಮಗ ಬೀರಾ ಎಂದು ಬರೆದಿತ್ತು. ಮನೆಯಲ್ಲಿ ಇದ್ದದ್ದೂ ಒಬ್ಬನೇ ಬೀರಾ. ಕೊಟ್ಟರು. ಆದರೆ ಆ ಚೀಟಿ ಇವನದಲ್ಲ, ಇವನಿಗಿಂತ ಮೊದಲು ಹುಟ್ಟಿ ನಾಲ್ಕು ತಿಂಗಳಿಗೇ ತೀರಿಕೊಂಡ ಅಣ್ಣನದು. ಅವನ ಹೆಸರೂ ಬೀರಾ. ಅಜ್ಜನ ಹೆಸರು ನೆಲಕ್ಕೆ ಬೀಳಬಾರದು ಎಂಬುದು ಆ ಮನೆಯ ನಡೆ. ಮೊದಲನೆಯವ ಹೋದ ಮೇಲೆ ಹೆಸರನ್ನು ಎರಡನೆಯವನಿಗೆ ಇಟ್ಟರು. ಹೋದದ್ದನ್ನು ಎಲ್ಲಿಯೂ ಬರೆಸಲಿಲ್ಲ, ಬಂದದ್ದನ್ನೂ ಬರೆಸಲಿಲ್ಲ. ಪೊಲೀಸರ ತಪ್ಪಿಲ್ಲ, ಮಾಸ್ತರರ ತಪ್ಪಿಲ್ಲ. ಕಾಗದದ ಪ್ರಕಾರ ತೀರಿಹೋದ ಅಣ್ಣನೇ ಶಾಲೆಗೆ ಹೋದ, ಅವನೇ ಯಂತ್ರ ಹೊತ್ತ. ಅವನ ವಯಸ್ಸಿಗೆ ತಮ್ಮ ಜೇಲಿನಲ್ಲಿ ಕೂತ.

ದುರ್ಗಜ್ಜಿ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ನೆಟ್ಟಗೆ ಕೋರ್ಟಿಗೆ ನಡೆದಳು. ಅಲ್ಲಿ ಬಡವರ ಪರವಾಗಿ ಕಾನೂನು ನೆರವಿನ ಕೇಸು ನೋಡುವ ವಿಜೇತಾ ನಾಯಕ ಎಂಬ ಯುವ ವಕೀಲೆ ಇದ್ದರು. ಎರಡೇ ವರ್ಷದ ಅನುಭವ, ಆದರೆ ಅಂಕೋಲೆಯ ನಾಯಕರ ಮನೆಯ ಹುಡುಗಿ, ಮಾತಿನಲ್ಲಿ ಸುಪ್ರೀಂ ಕೋರ್ಟು. ಅವರೇ ಅರ್ಜಿ ಹಾಕಿ ಅಜ್ಜಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. ಆ ದಿನ ಕೋರ್ಟಿನಲ್ಲಿದ್ದವರು ಈಗಲೂ ಆ ಸಂಭಾಷಣೆಯನ್ನು ಚಾದಂಗಡಿಯಲ್ಲಿ ಆಡಿ ತೋರಿಸುತ್ತಾರೆ.

"ಹುಡುಗ ಹುಟ್ಟಿದ್ದು ಯಾವಾಗ?"

"ಆಷಾಢದ ಅಮಾಸೆಗೆ ಎರಡು ದಿನ ಇತ್ತು ಸಾಯ್ಬ್ರೇ."

"ಯಾವ ವರ್ಷ?"

"ಕೈಗಾದಾಗೆ ಗುಡ್ಡ ಒಡೀತಿದ್ದ ವರ್ಷ."

"ನಿಮಗೆ ಹೇಗೆ ಗೊತ್ತು?"

"ನಾನೇ ಹೊರಗೆ ಕರ್ಕೊಂಡು ಬಂದವಳು. ನಿಮ್ಮನ್ನ ಯಾರು ಕರ್ಕೊಂಡು ಬಂದ್ರು, ಅವ್ರಿಗೆ ಗೊತ್ತಿರೂದಿಲ್ವಾ?"

"ದಾಖಲೆ ಇದೆಯೇ?"

"ಅದೆ. ಹಿತ್ಲಾಗೆ ನಿಂತದೆ. ಒಂದು ಬೆಳಿಗ್ಗೆ ಬಂದು ಎಣಿಸ್ಕೊಂಡು ಹೋಗ್ರಾ."

ಕೋರ್ಟು ನಕ್ಕ ನಗುವಿಗೆ ಹೆಂಚುಗಳು ಅದುರಿದವು. ಮ್ಯಾಜಿಸ್ಟ್ರೇಟರೂ ನಕ್ಕರು. ಆದರೆ ಒಳ್ಳೆಯವರು. "ಮರಕ್ಕೆ ಸಮನ್ಸ್ ಕೊಡೋಕೆ ಬರೋದಿಲ್ಲ ಅಜ್ಜಿ. ಕಾಗದ ತನ್ನಿ, ನೋಡೋಣ," ಎಂದು ದಿನಾಂಕ ಕೊಟ್ಟರು.

ನಗದೇ ಇದ್ದವಳು ಮುದುಕಿ ಒಬ್ಬಳೇ. ಮರುದಿನ ಬೆಳಗಿನ ಜಾವ ವಿಜೇತಾ ಅವರ ಮನೆ ಬಾಗಿಲು ಬಡಿದು, ಕರಿ ಕೋಟು ಸಮೇತ ಎಬ್ಬಿಸಿಕೊಂಡು ಇದೇ ಹಿತ್ತಿಲಿಗೆ ಎಳೆದುತಂದಳು. "ನಂಗೂ ನಂಬಿಕೆ ಇರಲಿಲ್ಲ," ವಿಜೇತಾ ಈಗ ಒಪ್ಪಿಕೊಳ್ಳುತ್ತಾರೆ. "ಇದೆಂತ ಮರ ಎಣಿಸೂದು ಅಜ್ಜೀ, ಕೋರ್ಟಿನಲ್ಲಿ ನನ್ನ ಮರ್ಯಾದಿ ಹೋಯ್ತು ಮಾರಾಯ್ತಿ ಅಂದೆ. ಬಾಯಿ ಮುಚ್ಕೊಂಡು ಎಣಿಸು ತಂಗೀ ಅಂದ್ಲು. ಮನೆಯವರನ್ನ ಮರ ಹತ್ತಿಸಿ ಎಣಿಸಿದೆ. ಗಿಡ್ಡದಕ್ಕೆ ನೂರ ಅರವತ್ಮೂರು, ಉದ್ದದಕ್ಕೆ ನೂರ ಎಂಬತ್ಮೂರು. ಎರಡಕ್ಕೂ ಇಪ್ಪತ್ತು ಗೆರೆ ವ್ಯತ್ಯಾಸ. ಚೀಟಿಯ ತಾರೀಖಿಗೂ ಅಜ್ಜಿ ಹೇಳಿದ ಅಮಾಸೆಗೂ ಲೆಕ್ಕ ಹಾಕಿದೆ. ಇಪ್ಪತ್ತು ತಿಂಗಳು! ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತ್ಬಿಟ್ಟೆ ನಾನು."

ಆ ಉದ್ದದ ಮರ ದೊಡ್ಡ ಬೀರಾನದು. ಮಗು ಹೋದ ಮೇಲೆ ಅದನ್ನು ಕಡಿಯಲು ನೆಂಟರೆಲ್ಲ ಹೇಳಿದ್ದರಂತೆ. "ನಾ ಕಡೀಲಿಲ್ಲ," ದೇವಿ ಇಷ್ಟೇ ಹೇಳುತ್ತಾಳೆ. "ಇಂವ ಹುಟ್ಟಿದ ಮೇನೆ ಪಕ್ಕದಾಗೇ ಇವಂದು ನೆಟ್ಟೆ. ಬಚ್ಚಲ ನೀರು ಒಂದೇ ಅಲ್ದಾ, ಎರಡಕ್ಕೂ ಹೋಗ್ತದೆ."

ಇಬ್ಬರು ಮಕ್ಕಳೆಂಬುದು ವಕೀಲರಿಗೆ ಮನವರಿಕೆಯಾಯಿತು. ಕೋರ್ಟಿಗೆ ಮನವರಿಕೆ ಮಾಡಲು ಕಾಗದ ಬೇಕು. ಒಂದೇ ಒಂದು ಕಾಗದ, ಎಲ್ಲಿಯಾದರೂ, ಎಂದು ವಿಜೇತಾ ತಲೆ ಹಿಡಿದುಕೊಂಡರು. ಮುದುಕಿ ಸ್ವಲ್ಪ ಹೊತ್ತು ಎಲೆ ಜಗಿದಳು. "ಕಾಗದ ನಂಗೆ ಗೊತ್ತಿಲ್ಲ ತಂಗೀ. ಆದ್ರೆ ಸಾಬೂನು ತಕೊಂಡದ್ದಕ್ಕೆ ಹೆಬ್ಬೆಟ್ಟು ಒತ್ತಿದ್ದು ಅದೆ."

ಅದೇ ಪೊಟ್ಟಣ! ಒಂದು ಹೆರಿಗೆಯಾದ ಮೇಲೆ ಹೊಸ ಪೊಟ್ಟಣ ಬೇಕಾದರೆ ಆಸ್ಪತ್ರೆಗೆ ಹೋಗಿ ತಾಯಿಯ ಹೆಸರು, ಗಂಡೋ ಹೆಣ್ಣೋ, ಯಾವ ದಿನ ಎಂದು ಹೇಳಿ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಬೇಕಿತ್ತು. ಆ ರಿಜಿಸ್ಟರು ಎಲ್ಲಿದೆ? ಆಸ್ಪತ್ರೆಯ ಹಳೇ ಸಾಮಾನಿನ ಕೋಣೆಯಲ್ಲಿ. ಕೈಮುರಿದ ಕುರ್ಚಿಗಳ ಕೆಳಗೆ, ಏಳು ಹಾವು ಮತ್ತು ಎಂಬತ್ತು ಸಾವಿರ ಜಿರಳೆಗಳ ಕಾವಲಿನಲ್ಲಿ. (ಹಾವು ಒಂದೇ ಇತ್ತೆಂದು ವಿಜೇತಾ, ಅದೂ ಪೊರೆ ಮಾತ್ರ ಎಂದು ಅಜ್ಜಿ.) ಮೂರು ದಿನ ಅಜ್ಜಿ, ವಕೀಲೆ ಮತ್ತು ಆಸ್ಪತ್ರೆಯ ಒಬ್ಬ ಜವಾನ ಸೇರಿ ಆ ಕೋಣೆಯನ್ನು ಹೊರಗೆ ಹಾಕಿದರು. ನಾಲ್ಕನೇ ದಿನ ರಿಜಿಸ್ಟರು ಸಿಕ್ಕಿತು. 1989ನ್ನು ಗೆದ್ದಲು ಪೂರ್ತಿ ತಿಂದು ತೇಗಿತ್ತು. ಅದರ ಹಿಂದಿನ ವರ್ಷದ ಕೊನೆಯ ಪುಟಗಳು ಮತ್ತು ಮುಂದಿನ ವರ್ಷದ ಮಳೆಗಾಲ ಉಳಿದಿದ್ದವು.

1988ರ ನವೆಂಬರ್ ಹತ್ತು, ದೇವಿ ಕೋಂ ಬೊಮ್ಮ, ಗಂಡು. ಹೆಬ್ಬೆಟ್ಟು. 1990ರ ಜುಲೈ ಇಪ್ಪತ್ತು, ದೇವಿ ಕೋಂ ಬೊಮ್ಮ, ಗಂಡು. ಹೆಬ್ಬೆಟ್ಟು. ಪಂಚಾಂಗ ತೆಗೆದು ನೋಡಿದರೆ ಆ ಜುಲೈ ಇಪ್ಪತ್ತೆರಡಕ್ಕೆ ಆಷಾಢದ ಅಮಾವಾಸ್ಯೆ.

ಕೋರ್ಟಿನಲ್ಲಿ ಅಜ್ಜಿಯ ಬೆರಳಿಗೆ ಮತ್ತೆ ಮಸಿ ಹಚ್ಚಿ ಎರಡೂ ಹೆಬ್ಬೆಟ್ಟಿಗೆ ಹೋಲಿಸಿದರು. ಊರಿನ ಹಿರಿಯರು ಬಂದು ಮೊದಲ ಮಗು ತೀರಿಕೊಂಡದ್ದನ್ನು ಹೇಳಿದರು. ಇಪ್ಪತ್ತೊಂಬತ್ತನೇ ದಿನ ಬೀರಾ ಜೇಲಿನಿಂದ ಹೊರಬಂದು, ಅವನ ವಯಸ್ಸಿನವರು ಇರಬೇಕಾದ ಜಾಗಕ್ಕೆ, ಕೋಡಿಬಾಗದಲ್ಲಿ ಕಾಳಿ ನದಿಯ ದಂಡೆಯ ಮೇಲಿರುವ ಮಕ್ಕಳ ಮನೆಗೆ ಬಂದ. ಫಲಕದಲ್ಲಿ ಅದಕ್ಕೆ ರೈಲಿನಷ್ಟು ಉದ್ದದ ಹೆಸರಿದೆ. ಊರವರಿಗೆ ಅದು ಮಕ್ಕಳ ಮನೆ.

ಅಜ್ಜಿ ಅಲ್ಲಿಗೇ ಬಿಟ್ಟಳೆಂದುಕೊಂಡಿರಾ? ಪರೀಕ್ಷೆಗೆ ಮಂಡಳಿ ಅನುಮತಿ ಕೊಟ್ಟಿತು, ಜೊತೆಗೆ ಒಬ್ಬರು ಪೊಲೀಸರನ್ನೂ ಕೊಟ್ಟಿತು. ಮಕ್ಕಳ ಜೊತೆ ಹೋಗುವಾಗ ಪೊಲೀಸರು ಖಾಕಿ ಹಾಕಬಾರದೆಂದು ಕಾಯಿದೆಯಲ್ಲೇ ಇದೆ. ಅಜ್ಜಿಗೆ ಕಾಯಿದೆ ಗೊತ್ತಿರಲಿಲ್ಲ. "ಅಲ್ವಾ ಸಾಯ್ಬ್ರೇ, ನೀವು ಟೊಪ್ಪಿ ಹಾಕ್ಕೊಂಡು ಹಿಂದೆ ನಿಂತ್ರೆ ಹುಡುಗ ಕಾಗದದ ಮೇನೆ ಯಂತ ಬರೀತಾ? ತಪ್ಪೊಪ್ಪಿಗೆ ಬರೀತಾ!" ಎಂದಳಂತೆ. ಮರುದಿನ ಆ ಪೊಲೀಸರು ತಮ್ಮ ಮದುವೆಗೆ ಹೊಲಿಸಿದ್ದ ಹೂವಿನ ಅಂಗಿ ತೊಟ್ಟು ಬಂದರು. ಕಾಲೇಜಿನ ಹುಡುಗರು ಬೀರಾನ ಮಾವ ಬಂದಿದ್ದಾರೆಂದು ತಿಳಿದು ಅವರಿಗೆ ಚಾ ಕೊಡಿಸಿದರು. ಹುಡುಗ ದ್ವಿತೀಯ ದರ್ಜೆಯಲ್ಲಿ ಪಾಸು. ಯಂತ್ರದ ಕೇಸಿನಲ್ಲಿ ಮಂಡಳಿ ಬುದ್ಧಿ ಹೇಳಿ ಮನೆಗೆ ಕಳಿಸಿತು. ಈಗ ಬೈತಖೋಲದ ಬಂದರಿನ ಹತ್ತಿರ ಕೆಲಸಕ್ಕಿದ್ದಾನೆ. ಏನು ಕೆಲಸ? ದೋಣಿ ಯಂತ್ರದ ರಿಪೇರಿ!

"ಈಗ ಯಾರಾದ್ರೂ ಯಂತ್ರ ಹೊರು ಅಂದ್ರೆ ಮೊದ್ಲು ಚೀಟಿ ಕೇಳ್ತೆ," ಎಂದು ಮರದಿಂದ ಇಳಿದ ಬೀರಾ ನಗುತ್ತಾನೆ.

"ಚೀಟಿ ಕೇಳೂಕೆ ಹೋಗ್ಬೇಡ. ಚೀಟಿಯಿಂದ್ಲೇ ನಿನ್ನ ಕತೆ ಆದದ್ದು," ಎನ್ನುತ್ತಾಳೆ ಅಜ್ಜಿ.

ಹೊತ್ತು ಏರಿದೆ. ಎರಡು ಗೋಣಿಚೀಲದಲ್ಲಿ ಕಾಯಿ ತುಂಬಿಕೊಂಡು ನಾವು ಕಾರವಾರದ ಬಸ್ಸು ಹತ್ತುತ್ತೇವೆ. ಕಂಡಕ್ಟರ್ ಚೀಲ ನೋಡಿ ಬಾಯಿ ತೆರೆಯುತ್ತಾನೆ, ಅಜ್ಜಿಯ ಮುಖ ನೋಡಿ ಮುಚ್ಚುತ್ತಾನೆ. "ಇವಂದು ಹುಣ್ಣಿಮೆ ಹೆರಿಗೆ, ಕಾಲು ಮೊದ್ಲು ಬಂದಿತ್ತು," ಎಂದು ಆಕೆ ಇಡೀ ಬಸ್ಸಿಗೆ ಕೇಳುವಂತೆ ನನ್ನ ಕಿವಿಯಲ್ಲಿ ಗುಟ್ಟು ಹೇಳುತ್ತಾಳೆ.

ಕೋಡಿಬಾಗದ ಮಕ್ಕಳ ಮನೆಯ ಗೃಹಪಾಲಕ ಶಾಂತಾರಾಮ ಗೇಟಿನಲ್ಲೇ ಕಾದಿದ್ದಾರೆ. ಮನೆಮಾತು ಕೊಂಕಣಿ, ಹೊಟ್ಟೆ ದೊಡ್ಡದು, ಮನಸ್ಸು ಹೊಟ್ಟೆಗಿಂತ ದೊಡ್ಡದು. "ಅರೇ ದೇವಾ, ಬಂದ್ಲು ನಮ್ಮ ಹೆಡ್ಮಾಸ್ತರ್ ಬಾಯಿ!" ಎಂದು ಚೀಲಕ್ಕೆ ಕೈ ಹಾಕುತ್ತಾರೆ. ಅಜ್ಜಿಯ ಎರಡನೇ ಅಧ್ಯಾಯ ಶುರುವಾದದ್ದು ಇವರ ಹಾಜರಿ ಪುಸ್ತಕದಿಂದ. ಬೀರಾನನ್ನು ನೋಡಲು ಬಂದ ಅಜ್ಜಿಗೆ ಶಾಂತಾರಾಮ ತಮಾಷೆಗೆ ಹೇಳಿದರಂತೆ, ನಮ್ಮಲ್ಲಿ ವರ್ಷಕ್ಕೆ ಒಂದೇ ಹುಟ್ಟುಹಬ್ಬ, ಜೂನ್ ಒಂದಕ್ಕೆ, ಹತ್ತೊಂಬತ್ತು ಮಕ್ಕಳಿಗೂ ಸೇರಿ ಎಂದು. ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ ಶಾಲೆ ಶುರುವಾಗುವ ದಿನವನ್ನೇ ಬರೆದುಬಿಡುವುದು ನಮ್ಮ ನಾಡಿನ ಹಳೇ ರೂಢಿ.

"ಒಂದೇ ದಿನ ಹತ್ತೊಂಬತ್ತು ಹೆರಿಗೆ ಮಾಡೂಕೆ ಯಾರಿಂದಾಗ್ತದೆ?" ಅಜ್ಜಿ ಕೆರಳಿದ್ದಳು. "ನಾನಾದ್ರೆ ಸಂಜೆ ಒಳಗೆ ಸತ್ತೇ ಹೋಗ್ತಿದ್ದೆ. ಸುಳ್ಳು ಲೆಕ್ಕ ಇದು!"

ಅಂದಿನಿಂದ ಪ್ರತಿ ಮಂಗಳವಾರ ಬರುತ್ತಾಳೆ. ಬುಟ್ಟಿಯಲ್ಲಿ ಹರಿವೆ, ಬದನೆ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳುತ್ತಾಳೆ. ನಿನ್ನ ಅವ್ವಿ ಯಾವ ಊರು, ಮನೆ ಹಿಂದೆ ಯಾವ ಮರ, ನೀನು ಹುಟ್ಟಿದಾಗ ಮಳೆ ಇತ್ತೆಂದಳೋ, ಮಾವು ಇತ್ತೆಂದಳೋ? ಆ ಸುಳಿವು ಹಿಡಿದು ಅಂಕೋಲೆ ಪೇಟೆಯ ಸೊಪ್ಪಿನ ಸಾಲಿಗೆ ಬರುತ್ತಾಳೆ. ಅಲ್ಲಿನ ಹೆಂಗಸರು ಒಬ್ಬರಿಗೊಬ್ಬರು ದಾಟಿಸುತ್ತಾರೆ. ಬೆಳಿಗ್ಗೆ ಕೇಳಿದ ಪ್ರಶ್ನೆ ಮಧ್ಯಾಹ್ನಕ್ಕೆ ಗೋಕರ್ಣ ಮುಟ್ಟಿ ಸಂಜೆಗೆ ಉತ್ತರ ಸಮೇತ ವಾಪಸ್ಸು ಬರುತ್ತದೆ. ಈ ವಿದ್ಯೆ ಕೇಳಿದರೆ ಟೆಲಿಫೋನ್ ಇಲಾಖೆಯವರು ಅಂಗಡಿ ಮುಚ್ಚಿಯಾರು. ತನ್ನ ಕೈಯ ಮಗುವಾದರೆ ಅವಳೇ ಸಾಕ್ಷಿ. ಇಲ್ಲವಾದರೆ ಆ ಊರಿನ ಸೂಲಗಿತ್ತಿಯನ್ನು ಹಿಡಿದು ತರುತ್ತಾಳೆ, ಮತ್ತು ಮೊದಲು ಕೇಳುವುದು ಸಾಬೂನಿನ ರಿಜಿಸ್ಟರನ್ನು.

ಒಂದು ವರ್ಷದಲ್ಲಿ ಮೂವತ್ತೊಂದು ಮಕ್ಕಳ ಬೆನ್ನು ಹತ್ತಿದ್ದಾಳೆ. ಹದಿನಾಲ್ಕು ಮಕ್ಕಳಿಗೆ ಅವರದೇ ಜನ್ಮದಿನ ಸಿಕ್ಕಿದೆ. ಮೂವರು ದೊಡ್ಡವರ ಜೇಲಿನಿಂದ ಇಲ್ಲಿಗೆ ಬಂದಿದ್ದಾರೆ. ಎರಡು ಬಾರಿ ಲೆಕ್ಕ ಉಲ್ಟಾ ಆಗಿ, ಹುಡುಗ ಕಾಗದಕ್ಕಿಂತ ದೊಡ್ಡವನೆಂದೂ ಗೊತ್ತಾಗಿದೆ. ಅದನ್ನೂ ಹಾಗೇ ಹೇಳಿದ್ದಾಳೆ. ಮಗನಿಗೆ ಒಂದು ವರ್ಷ ಇಳಿಸಿ ಹೇಳೆಂದು ಒಬ್ಬ ಅಪ್ಪ ಕೋಳಿ ಹಿಡಿದುಕೊಂಡು ಬಂದಿದ್ದನಂತೆ. "ನಿನ್ನ ಮಗನಿಗೆ ಹತ್ತೊಂಬತ್ತು, ಈ ಕೋಳಿಗೆ ಐದು. ಎರಡೂ ಬೇಯೂದಿಲ್ಲ, ತಕೊಂಡು ಹೋಗು ಅಂದೆ," ಎನ್ನುತ್ತಾಳೆ.

ವಕೀಲರ ಹಿಂದೆ ಬಿದ್ದು ದೊಡ್ಡ ಬೀರಾನ ಹೆಸರನ್ನೂ ತಡವಾಗಿ ಮರಣದ ಪುಸ್ತಕದಲ್ಲಿ ಬರೆಸಿದ್ದಾಳೆ. ಅದರಿಂದ ಯಾರಿಗೂ ಏನೂ ಸಿಗುವುದಿರಲಿಲ್ಲ. "ಅವಂಗೂ ಒಂದು ಸಾಲು ಬೇಕಲಾ. ತಮ್ಮನ ಮೈಮೇನೆ ಎಷ್ಟು ದಿನ ಇರ್ತ ಪಾಪ," ಎಂದಷ್ಟೇ ಹೇಳುತ್ತಾಳೆ.

ಹಾಗಾದರೆ ಅಜ್ಜಿಯ ವಯಸ್ಸೆಷ್ಟು? ನನ್ನ ಅಂದಾಜು ನೂರಾ ನಾಲ್ಕು. ಮತದಾರರ ಚೀಟಿ ಎಪ್ಪತ್ತೊಂದು ಎನ್ನುತ್ತದೆ. ಆಕೆ ಎರಡನ್ನೂ ಒಪ್ಪುವುದಿಲ್ಲ. "ನನ್ನ ಮರಕ್ಕೆ ಸಿಡ್ಲು ಬಡೀತು ತಮಾ. ನಂಗೆ ವಯಸ್ಸಿಲ್ಲ."

ಮಕ್ಕಳ ಮನೆಯ ಬಚ್ಚಲ ಹಿಂದೆ ಹುಡುಗರು ಮರಳಿನ ಪಾತಿ ಮಾಡಿಟ್ಟಿದ್ದಾರೆ. ಮಳೆಗೆ ಮುಂಚೆ ಕಾಯಿ ಹೂತರೆ ಮುಂದಿನ ವರ್ಷಕ್ಕೆ ಸಸಿ. ಎಲ್ಲರೂ ಹೊಯ್ದುಕೊಂಡ ನೀರು ಇಲ್ಲಿಯೇ ಹರಿಯುತ್ತದೆ. ಈಗ ಇಲ್ಲಿರುವುದೂ ಹತ್ತೊಂಬತ್ತು ಮಕ್ಕಳೇ. ತಲೆಗೊಂದು ಕಾಯಿ, ಎಲ್ಲವೂ ಬೀರಾನ ಮರದ್ದು. ಅಜ್ಜಿ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಕುಲುಕಿ, ಒಳಗೆ ನೀರು ಮಾತಾಡುವುದನ್ನು ಕೇಳಿ ಕೊಡುತ್ತಾಳೆ. ನಿತೇಶ ಎಂಬ ಹುಡುಗ ಕಾಯಿ ಹಿಡಿದು ನಿಂತೇ ಇದ್ದಾನೆ.

"ಅಜ್ಜೀ, ನನ್ನನ್ನ ಆಗಸ್ಟಿಗೆ ಮನೆಗೆ ಬಿಡ್ತಾರೆ. ಇದು ಸಸಿ ಆಗೂ ಹೊತ್ತಿಗೆ ನಾ ಇರೂದಿಲ್ಲ. ನೋಡೂಕೆ ಬರ್ಬೋದಾ?"

"ಬಾ. ಬಸ್ಸಿನಲ್ಲಿ ಬಾ, ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಬಾ. ಪೊಲೀಸ್ ಜೀಪಿನಲ್ಲಿ ಬಂದ್ಯೋ, ಕಾಲು ಮುರೀತೆ."

ಹುಡುಗರೆಲ್ಲ ಹೋ ಎನ್ನುತ್ತಾರೆ. ಆ ಕೂಗಿಗೆ ಕಾಳಿ ಸೇತುವೆಯ ಮೇಲಿನ ಲಾರಿಗಳು ನಿಂತವು ಎಂದು ಬರೆದುಕೊಳ್ಳುತ್ತಿದ್ದೇನೆ. ಅಷ್ಟರಲ್ಲಿ ಅಜ್ಜಿ ಪಕ್ಕಕ್ಕೆ ಬಂದು ನನ್ನ ಪುಸ್ತಕಕ್ಕೆ ಬೆರಳಿಡುತ್ತಾಳೆ. ಓದಲು ಬಾರದು, ಆದರೂ.

"ಎಷ್ಟು ಕಾಯಿ ಅಂತ ಬರ್ದೆ?"

"ಇನ್ನೂರು ಅಂತ..." ತೊದಲುತ್ತೇನೆ. "ಓದುವವರಿಗೆ ಚೆನ್ನಾಗಿರಲಿ ಅಂತ ಅಜ್ಜಿ."

"ಎಣಿಸು."

ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದೇನೆ, ಯಾರೂ ನನಗೆ ಹೀಗೆ ಹೇಳಿರಲಿಲ್ಲ. ಬಗ್ಗಿ, ಮರಳಿನಿಂದ ತಲೆ ಹೊರಗಿಟ್ಟ ಕಾಯಿಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತೇನೆ. ಹತ್ತೊಂಬತ್ತಿರಬೇಕು. ಒಂದು ಹೆಚ್ಚಿಗೆ ಬರುತ್ತದೆ. ಪಾತಿಯ ಮೊದಲಲ್ಲಿ ಯಾರ ಹೆಸರಿಗೂ ಇಲ್ಲದ ಒಂದು ಕಾಯಿ. ಬೆಳಿಗ್ಗೆ ಹೊರಡುವಾಗ ದೇವಿ ದೊಡ್ಡ ಬೀರಾನ ಉದ್ದದ ಮರದಿಂದ ತೆಗೆಸಿ, ತಾನೇ ಚೀಲಕ್ಕೆ ಹಾಕಿದ್ದಳು.

"ಹೆಚ್ಚಿಗೆ ಬರೀಬೇಡ ತಮಾ," ಅಜ್ಜಿ ಸೆರಗಿನಿಂದ ಕೈಯ ಮರಳು ಕೊಡವುತ್ತಾಳೆ. "ಮೀನು ಹಿಡ್ದವ ಹೆಚ್ಚಿಗೆ ಹೇಳ್ಲಿ, ಗಂಟು ಹೋಗೂದಿಲ್ಲ. ಮಕ್ಕಳ ಲೆಕ್ಕದಾಗೆ ಇಪ್ಪತ್ತು ತಿಂಗಳು ಹೆಚ್ಚಿಗೆ ಆದದ್ದಕ್ಕೇ ನನ್ನ ಬೀರಾ ಇಪ್ಪತ್ತೊಂಬತ್ತು ದಿನ ಜೇಲಲ್ಲಿ ಕೂತ. ನನ್ನ ಕೈಮೇನೆ ಬಂದವು ಅವರವರ ವಯಸ್ಸಲ್ಲೇ ಇರ್ಬೇಕು. ಒಂದು ದಿನ ಹೆಚ್ಚೂ ಬೇಡ, ಕಡ್ಮೀನೂ ಬೇಡ."

ಇನ್ನೂರನ್ನು ಹೊಡೆದು ಹಾಕಿದ್ದೇನೆ. ಕಾಯಿಗಳು ಇಪ್ಪತ್ತು.